ಬಸ್ಸು ಹುಡುಕುವ ಗಣಕವೂ ಕೊಡಗಿನ ಬೆಟ್ಟಗಳೂ

ಪರಸ್ಥಳಕ್ಕೆ ಹೊರಟವರು ಹಿಂದೆ ಬಸ್ ನಿಲ್ದಾಣದ ಕಂಟ್ರೋಲರನ್ನೋ, ಅಲ್ಲಿಯ ಹೋಟೆಲಿನವರನ್ನೋ ವಿಚಾರಿಸಿಕೊಳ್ಳುತ್ತಿದ್ದರು. ಈಗ ಆ ಪ್ರಶ್ನೆಯನ್ನು ಅಂಗೈಯಲ್ಲಿರುವ ಮೊಬೈಲ್ ಫೋನಿಗೆ ಹಾಕುತ್ತಾರೆ. ಹೊರಡುವ ಸ್ಥಳ, ಸೇರುವ ಸ್ಥಳ, ಸಮಯ, ಈ ಮೂರನ್ನು ತಿಳಿಸಿದರೆ ಸಾಕು. ಎಲ್ಲಿ ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿದು ಬದಲಾಯಿಸಬೇಕು, ಎಷ್ಟು ದೂರ ನಡೆಯಬೇಕು ಎಂಬುದನ್ನೆಲ್ಲ ಅದು ಕ್ಷಣಾರ್ಧದಲ್ಲಿ ಹೇಳಿಬಿಡುತ್ತದೆ. ಅಥವಾ ‘ದಾರಿ ದೊರಕಲಿಲ್ಲ’ ಎನ್ನುತ್ತದೆ. ಕಂಟ್ರೋಲರು ‘ಇಲ್ಲ’ ಎಂದಾಗ ‘ಈಗ ಇಲ್ಲ, ನಾಲ್ಕು ಗಂಟೆಗೆ ಉಂಟು’ ಎಂದೋ, ‘ಇಲ್ಲಿಂದ ಇಲ್ಲ, ಗೇಟಿನವರೆಗೆ ನಡೆದರೆ ಸಿಗುತ್ತದೆ’ ಎಂದೋ ಮುಂದಿನ ಮಾತನ್ನು ಸೇರಿಸುತ್ತಿದ್ದರು. ಯಂತ್ರವು ಆ ಮುಂದಿನ ಮಾತನ್ನು ನುಂಗಿಕೊಳ್ಳುತ್ತದೆ. ಈ ನುಂಗಿದ ಮಾತು ಕೊಡಗಿನಂಥ ಬೆಟ್ಟಸೀಮೆಯ ಪ್ರಯಾಣಿಕರಿಗೆ ಎಷ್ಟು ಮುಖ್ಯವಾದುದೆಂಬುದನ್ನು ವಿದ್ಯಾರ್ಥಿಮಿತ್ರರ ಗಮನಕ್ಕೆ ತರಬೇಕೆಂಬುದೇ ನಮ್ಮ ಉದ್ದೇಶ.

ಮೊದಲು ಯಂತ್ರವು ದಾರಿ ಹುಡುಕುವ ಬಗೆಯನ್ನು ತಿಳಿದುಕೊಳ್ಳೋಣ. ಎರಡು ಊರುಗಳ ನಡುವಣ ಅತ್ಯಂತ ಹತ್ತಿರದ ಹಾದಿಯನ್ನು ಕಂಡುಹಿಡಿಯುವ ಪ್ರಸಿದ್ಧ ಕ್ರಮವೊಂದನ್ನು ಹಾಲೆಂಡಿನ ಗಣಿತಜ್ಞ ಡೈಕ್‌ಸ್ಟ್ರ 1956ರಲ್ಲಿ ಯೋಚಿಸಿ 1959ರಲ್ಲಿ ಪ್ರಕಟಿಸಿದನು. ರಸ್ತೆಯ ಮಟ್ಟಿಗೆ ಅದು ಸಾಕು. ಆದರೆ ರಸ್ತೆ ಸದಾ ಇದ್ದಲ್ಲೇ ಇರುತ್ತದೆ, ಬಸ್ಸು ಹಾಗಲ್ಲ. ಎಂಟು ಗಂಟೆಗೆ ಇದ್ದ ದಾರಿ ಎಂಟೂಕಾಲಕ್ಕೆ ಇಲ್ಲವಾಗುತ್ತದೆ. ಆದುದರಿಂದ ವೇಳಾಪಟ್ಟಿಗೆ ಹೊಂದುವ ಬೇರೆ ಕ್ರಮಗಳು ಹುಟ್ಟಿಕೊಂಡುವು. ಅವುಗಳಲ್ಲೊಂದು 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ‘ರಾಪ್ಟರ್’. ಅದು ಸುತ್ತು ಸುತ್ತಾಗಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಒಂದೇ ಬಸ್ಸಿನಿಂದ ತಲುಪಬಹುದಾದ ನಿಲ್ದಾಣಗಳನ್ನೆಲ್ಲ ಗುರುತಿಸುತ್ತದೆ, ಎರಡನೆಯದರಲ್ಲಿ ಆ ನಿಲ್ದಾಣಗಳಿಂದ ಇನ್ನೊಂದು ಬಸ್ಸು ಹಿಡಿದು ತಲುಪಬಹುದಾದುವನ್ನು, ಮೂರನೆಯದರಲ್ಲಿ ಮತ್ತೊಂದು. ಬೇಕೆಂದರೆ ಎಷ್ಟು ಸುತ್ತಿಗೆ ನಿಲ್ಲಿಸಬೇಕೆಂಬ ಮಿತಿಯನ್ನೂ ಅದಕ್ಕೆ ಹೇಳಬಹುದು.

ಹುಡುಕಲು ವೇಳಾಪಟ್ಟಿಯೂ ಬೇಕಷ್ಟೆ. ಅದನ್ನು ಬರೆದಿಡುವ ಒಂದು ರೂಢಿ 2005ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸಂಸ್ಥೆಗಳ ಸಹಕಾರದಿಂದ ಆರಂಭವಾಯಿತು. ಜಿ.ಟಿ.ಎಫ್.ಎಸ್. ಎಂಬ ಹೆಸರಿನ ಈ ರೂಢಿ ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಇದು ದೊಡ್ಡ ರಹಸ್ಯವೇನೂ ಅಲ್ಲ. ನಿಲ್ದಾಣಗಳದೊಂದು ಪಟ್ಟಿ, ಮಾರ್ಗಗಳದೊಂದು, ವೇಳೆಯದೊಂದು, ಬಸ್ಸು ಓಡುವ ವಾರಗಳದೊಂದು. ಶಾಲೆಯ ಹಾಜರಿ ಪುಸ್ತಕದಷ್ಟೇ ಸರಳ. ಇದರಲ್ಲೊಂದು ಸೊಗಸಾದ ಸಂಗತಿಯುಂಟು. ಮಡಿಕೇರಿಯಿಂದ ರಾತ್ರಿ 11ಕ್ಕೆ ಹೊರಟು ಮರುದಿನ ಬೆಳಗಿನ 5ಕ್ಕೆ ಬೆಂಗಳೂರನ್ನು ಸೇರುವ ಬಸ್ಸೊಂದಿದೆಯೆಂದು ಭಾವಿಸಿದರೆ, ಅದು ತಲುಪುವ ವೇಳೆಯನ್ನು ಈ ಪಟ್ಟಿಯಲ್ಲಿ 29 ಗಂಟೆ ಎಂದು ಬರೆಯುತ್ತಾರೆ! ಹೊರಟ ದಿನ ಪ್ರಯಾಣ ಮುಗಿಯುವವರೆಗೂ ಮುಗಿಯುವುದಿಲ್ಲವೆಂಬುದು ಇಲ್ಲಿನ ತರ್ಕ.

ಇನ್ನು ಷರತ್ತುಗಳ ಮಾತು. ದಾರಿ ಹುಡುಕುವ ಮೊದಲು ಯಂತ್ರವು ಕೆಲವು ವಿಷಯಗಳನ್ನು ತಾನಾಗಿಯೇ ಊಹಿಸಿಕೊಂಡಿರುತ್ತದೆ. ಪ್ರಯಾಣಿಕನು ಎಷ್ಟು ವೇಗವಾಗಿ ನಡೆದಾನು, ಎಷ್ಟು ದೂರ ನಡೆಯಲು ಒಪ್ಪಿಯಾನು, ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ನಿಮಿಷ ಬೇಕು, ಎಷ್ಟು ಹೊತ್ತಿನವರೆಗೆ ಬಸ್ಸಿಗಾಗಿ ನೋಡಬೇಕು, ಇವೇ ಅವು. ಸೆಟ್ಟಿಂಗುಗಳೆಂದು ಕರೆಯುವ ಇವನ್ನು ಬದಲಾಯಿಸಬಹುದು. ಆದರೆ ಬಹುಮಂದಿ ಅವು ಇವೆಯೆಂಬುದನ್ನೇ ಅರಿಯರು. 2009ರಲ್ಲಿ ಅದೇ ಪೋರ್ಟ್‌ಲೆಂಡಿನಲ್ಲಿ ಆರಂಭವಾಗಿ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ‘ಓಪನ್ ಟ್ರಿಪ್ ಪ್ಲಾನರ್’ ಎಂಬ ತಂತ್ರಾಂಶವನ್ನೇ ನೋಡಿರಿ. ನಾವು ಏನನ್ನೂ ಹೇಳದಿದ್ದಲ್ಲಿ ಅದು ನಡಿಗೆಯ ವೇಗವನ್ನು ಸೆಕೆಂಡಿಗೆ 1.33 ಮೀಟರೆಂದೂ, ಬಸ್ಸು ಬದಲಾಯಿಸಲು ಬಿಡಬೇಕಾದ ಅಂತರವನ್ನು 2 ನಿಮಿಷವೆಂದೂ ಇಟ್ಟುಕೊಳ್ಳುತ್ತದೆ. ನಿಮಿಷ ನಿಮಿಷಕ್ಕೆ ಬಸ್ಸು ಬರುವ ಸಮತಟ್ಟಾದ ಪಟ್ಟಣಕ್ಕೆ ಇವು ಒಪ್ಪುವ ಅಂಕಿಗಳೇ.

ಕೊಡಗು ಅಂಥ ಪಟ್ಟಣವಲ್ಲ. ಅದರ ವಿಸ್ತೀರ್ಣ 4,102 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಜನ. ಅದೇ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ 4,300ಕ್ಕೂ ಹೆಚ್ಚಾಗಿತ್ತು. ಕೊಡಗಿನೊಳಕ್ಕೆ ಇಂದಿಗೂ ರೈಲು ಬಂದಿಲ್ಲ. ಸ್ವಂತ ವಾಹನವಿಲ್ಲದವರಿಗೆ ಬಸ್ಸೇ ಗತಿ. ಮನೆಗಳೋ ಕಾಫಿ ತೋಟಗಳ ನಡುವೆ ಒಂದಕ್ಕೊಂದು ದೂರದೂರ. ಬೆಂಗಳೂರಿಗೆ ಹೊಂದುವ ಅಂಕಿಯನ್ನು ಇಲ್ಲಿಗೆ ತಂದು ಕೂರಿಸಿದರೆ ಆಗುವುದೇನು?

ನಡಿಗೆಯನ್ನೇ ಮೊದಲು ತೆಗೆದುಕೊಳ್ಳೋಣ. ಸೆಕೆಂಡಿಗೆ 1.33 ಮೀಟರೆಂದರೆ ಗಂಟೆಗೆ ಸುಮಾರು 4.8 ಕಿಲೋಮೀಟರು, ಎಂದರೆ ಮೂರು ಮೈಲಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ ಎಂಬಾತನು ಒಂದು ಸುಲಭಸೂತ್ರವನ್ನು ಹೇಳಿದನು: ಮೂರು ಮೈಲಿಗೆ ಒಂದು ಗಂಟೆ; ಅದರ ಮೇಲೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಸೂತ್ರದ ಮೊದಲರ್ಧವನ್ನು ಯಂತ್ರವೂ ಬಲ್ಲದು. ಎರಡನೆಯ ಅರ್ಧವೇ ಕೊಡಗು! ತೋಡಿನ ಬದಿಯ ಲೈನುಮನೆಯಿಂದ ಎರಡು ಕಿಲೋಮೀಟರು ದೂರದಲ್ಲಿ, 200 ಮೀಟರು ಎತ್ತರದಲ್ಲಿ ಬಸ್ಸಿನ ರಸ್ತೆಯಿದೆ ಎಂದು ಭಾವಿಸಿರಿ. ಯಂತ್ರವು 25 ನಿಮಿಷ ಎನ್ನುತ್ತದೆ. ನೇಸ್ಮಿತ್ತನ ಲೆಕ್ಕದಲ್ಲಿ ಏರಿಗೆ ಮತ್ತೆ 20 ನಿಮಿಷ ಸೇರಿ 45 ಆಗುತ್ತದೆ. ಯಂತ್ರವನ್ನು ನಂಬಿ ಹೊರಟ ಬಾಲಕಿ ರಸ್ತೆಗೆ ಬರುವ ಹೊತ್ತಿಗೆ ಬಸ್ಸು ಹೋಗಿ ಇಪ್ಪತ್ತು ನಿಮಿಷ ಆಗಿರುತ್ತದೆ. ಅಂದಿನ ಪರೀಕ್ಷೆಯೂ ಹೋದಂತೆಯೇ. ಮಳೆಗಾಲದ ಕೆಸರು, ಜಿಗಣೆ, ಕೊಡೆ, ಪುಸ್ತಕದ ಚೀಲ ಇವನ್ನು ನೇಸ್ಮಿತ್ತನೂ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದು ಬೇರೆ ಮಾತು. ಭೂಮಿಯ ಎತ್ತರದ ಅಂಕಿಗಳನ್ನು ಒದಗಿಸಿದರೆ ಏರಿಳಿತವನ್ನೂ ಗಣಿಸುವ ಸಾಮರ್ಥ್ಯ ಓಪನ್ ಟ್ರಿಪ್ ಪ್ಲಾನರಿಗೆ ಇದ್ದೇ ಇದೆ. ಒದಗಿಸುವವರು ಬೇಕು.

ನಡೆಯಬಹುದಾದ ದೂರಕ್ಕೂ ಒಂದು ಮಿತಿಯಿಟ್ಟಿರುವುದುಂಟು. ಮಿತಿ ಒಂದು ಕಿಲೋಮೀಟರೆಂದಿದ್ದು ನಿಲ್ದಾಣವು ಒಂದೂಕಾಲು ಕಿಲೋಮೀಟರಿನಲ್ಲಿದ್ದರೆ, ಯಂತ್ರದ ಪಾಲಿಗೆ ಆ ಮನೆಯಿಂದ ಲೋಕಕ್ಕೆ ದಾರಿಯೇ ಇಲ್ಲ. ನಮ್ಮ ಬಸ್ಸುಗಳು ಪಟ್ಟಿಯಲ್ಲಿರುವ ನಿಲ್ದಾಣಗಳಲ್ಲಿ ಮಾತ್ರವೇ ನಿಲ್ಲುವುವೇ? ತೋಟದ ಗೇಟು, ರಸ್ತೆಯ ತಿರುವು, ಅಂಗಡಿಯ ಮುಂದು, ಕೈ ತೋರಿಸಿದಲ್ಲಿ ನಿಲ್ಲುವುದು ಬೆಟ್ಟಸೀಮೆಯ ಪದ್ಧತಿ. ದಾರಿಯುದ್ದಕ್ಕೂ ಎಲ್ಲಿ ಬೇಕಾದರೂ ಹತ್ತಬಹುದೆಂದು ನಮೂದಿಸಲು ಜಿ.ಟಿ.ಎಫ್.ಎಸ್.ನಲ್ಲಿಯೇ ಸ್ಥಳವಿದೆ. ಅದನ್ನು ಬರೆಯದೆ ಬಿಟ್ಟಲ್ಲಿ ಮನೆಯ ಮುಂದೆಯೇ ಹಾದುಹೋಗುವ ಬಸ್ಸನ್ನು ಹತ್ತಲು ಎರಡು ಕಿಲೋಮೀಟರು ಹಿಂದಕ್ಕೆ ನಡೆಯಬೇಕೆಂದು ಯಂತ್ರವು ಉಪದೇಶಿಸೀತು!

ಬಸ್ಸು ಬದಲಾಯಿಸುವ ವಿಷಯ ಇನ್ನೂ ಸೂಕ್ಷ್ಮವಾದುದು. ಭಾಗಮಂಡಲದ ಕಡೆಯವರು ಗೋಣಿಕೊಪ್ಪಕ್ಕೆ ಹೋಗಬೇಕಾದರೆ ನಾಪೋಕ್ಲು, ವಿರಾಜಪೇಟೆಗಳ ಮೂಲಕ ಹೋಗಬಹುದು. ಮಡಿಕೇರಿಗೆ ಬಂದು ಅಲ್ಲಿಂದಲೂ ಹೋಗಬಹುದು. ಮೊದಲನೆಯದು ಹತ್ತಿರ. ಆದರೆ ಜಿಲ್ಲೆಯ ಕೇಂದ್ರದಲ್ಲಿ ಬಸ್ಸುಗಳು ಹೆಚ್ಚು. ಲೆಕ್ಕಕ್ಕಾಗಿ ಹೀಗೆ ಕಲ್ಪಿಸೋಣ: ಹತ್ತಿರದ ದಾರಿಯು 20 ನಿಮಿಷ ಬೇಗ ತಲುಪಿಸುತ್ತದೆ, ಆದರೆ ನಡುವೆ ಬಸ್ಸು ಬದಲಾಯಿಸಲು ದೊರೆಯುವುದು 3 ನಿಮಿಷ ಮಾತ್ರ; ಅದು ತಪ್ಪಿದರೆ ಎರಡು ಗಂಟೆ ಕಾಯಬೇಕು. ಮೊದಲ ಬಸ್ಸು ಐದು ದಿನಕ್ಕೊಮ್ಮೆ ತಡವಾಯಿತೆನ್ನಿರಿ. ಐದರಲ್ಲೊಂದು ದಿನ 120 ನಿಮಿಷದ ನಷ್ಟವೆಂದರೆ ದಿನಕ್ಕೆ ಸರಾಸರಿ 24 ನಿಮಿಷ. ಉಳಿಸಿದ್ದು 20, ಕಳೆದುಕೊಂಡದ್ದು 24. ಅತಿ ಶೀಘ್ರವೆಂದು ಯಂತ್ರವು ಮೇಲಕ್ಕೆ ತೋರಿಸಿದ ದಾರಿಯೇ ಸರಾಸರಿಯಲ್ಲಿ ನಿಧಾನದ ದಾರಿಯಾಯಿತು. ಅಂತರವನ್ನು 2 ನಿಮಿಷದಿಂದ 15 ನಿಮಿಷಕ್ಕೆ ಏರಿಸಿದ ಕೂಡಲೆ ಆ ದಾರಿ ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಗುತ್ತದೆ. ಹತ್ತು ನಿಮಿಷಕ್ಕೊಂದು ಬಸ್ಸಿರುವ ನಗರದಲ್ಲಾದರೆ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಅಲ್ಲಿ ತಪ್ಪಿದ ಬಸ್ಸಿನ ಬೆಲೆ ಹತ್ತೇ ನಿಮಿಷ. ಮಡಿಕೇರಿಯಲ್ಲಿ ಸರ್ಕಾರಿ ಬಸ್ಸುಗಳ ನಿಲ್ದಾಣ ಬೇರೆ, ಖಾಸಗಿ ಬಸ್ಸುಗಳದು ಬೇರೆ ಎಂಬುದನ್ನೂ ನೆನೆದರೆ ಎರಡು ನಿಮಿಷದ ಊಹೆ ಅಲ್ಲಿ ಎಷ್ಟು ಹಾಸ್ಯಾಸ್ಪದವೆಂಬುದು ತಿಳಿದೀತು.

ಇಷ್ಟಾದ ಮೇಲೆ ಆ ‘ದಾರಿ ದೊರಕಲಿಲ್ಲ’ ಎಂಬ ಉತ್ತರಕ್ಕೆ ಬರೋಣ. ಇದು ಒಂದು ಉತ್ತರವಲ್ಲ, ನಾಲ್ಕೈದು ಉತ್ತರಗಳ ಒಂದೇ ಮುಸುಕು. ಸಮೀಪದಲ್ಲಿ ನಿಲ್ದಾಣ ಸಿಗಲಿಲ್ಲವೆಂದಿರಬಹುದು. ಬಸ್ಸುಂಟು, ಆದರೆ ಹುಡುಕಿದ ಗಂಟೆಗಳೊಳಗೆ ಇಲ್ಲವೆಂದಿರಬಹುದು. ಕೇಳಿದ ದಿನಾಂಕ ವೇಳಾಪಟ್ಟಿಯ ಅವಧಿಯ ಹೊರಗಿದ್ದೀತು. ಅಥವಾ ನಿಜಕ್ಕೂ ಸಂಪರ್ಕವಿಲ್ಲದಿದ್ದೀತು. ಓಪನ್ ಟ್ರಿಪ್ ಪ್ಲಾನರ್ ಈ ಭೇದಗಳನ್ನೆಲ್ಲ ಒಳಗೆ ಬೇರೆಬೇರೆ ಸಂಕೇತಗಳಿಂದಲೇ ಗುರುತಿಸುತ್ತದೆ. ತಿಳಿದಿರುವುದನ್ನು ಪ್ರಯಾಣಿಕರಿಗೆ ಹೇಳದೆ ಒಂದೇ ವಾಕ್ಯದಲ್ಲಿ ಮುಗಿಸುವ ಪರದೆಗಳನ್ನು ನಾವು ಒಪ್ಪಲಾರೆವು. ‘ಎರಡು ಗಂಟೆಯೊಳಗೆ ಬಸ್ಸಿಲ್ಲ, ಮುಂದಿನದು ಸಂಜೆ 4ಕ್ಕೆ’ ಎಂದು ತೋರಿಸುವುದು ಕಷ್ಟವಲ್ಲ. ಬಸ್ಸೇ ಇಲ್ಲವೆಂದು ನಂಬಿದ ತಂದೆತಾಯಿ ಮಗಳನ್ನು ಕಾಲೇಜಿಗೆ ಸೇರಿಸಲು ಹಿಂಜರಿದಾರು. ಇಂಥದೇ ತಂತ್ರಾಂಶದಿಂದ ಯಾವ ಹಳ್ಳಿಗೆ ಸಾರಿಗೆಯಿದೆ, ಯಾವುದಕ್ಕಿಲ್ಲ ಎಂದು ನಕ್ಷೆ ಬರೆಯುವ ಅಧಿಕಾರಿಯೂ ತನ್ನ ಸೆಟ್ಟಿಂಗಿನ ಮಿತಿಯನ್ನೇ ನಾಡಿನ ಸ್ಥಿತಿಯೆಂದು ತಿಳಿದಾನು.

ಹಣದ ವಿಷಯವನ್ನೂ ಮರೆಯಲಾಗದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಕರ್ನಾಟಕದ ಮಹಿಳೆಯರು ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣ ಮಾಡಬಹುದು. ಖಾಸಗಿ ಬಸ್ಸಿನಲ್ಲಿ ಆ ಸೌಕರ್ಯವಿಲ್ಲ. ಎರಡೂ ಬಗೆಯ ಬಸ್ಸುಗಳು ಓಡುವ ಕೊಡಗಿನಲ್ಲಿ ವಿದ್ಯಾರ್ಥಿನಿಯು ಕೇಳುವ ಪ್ರಶ್ನೆ ‘ಬೇಗನೆ ಹೋಗುವುದು ಹೇಗೆ’ ಎಂಬುದಷ್ಟೇ ಅಲ್ಲ. ‘ಖರ್ಚಿಲ್ಲದೆ, ಗಂಟೆ ಹೊಡೆಯುವುದರೊಳಗೆ ಹೋಗುವುದು ಹೇಗೆ’ ಎಂಬುದು. ಸಂಸ್ಥೆಯನ್ನು ಆರಿಸುವ ಅವಕಾಶವನ್ನೂ, ‘ಇಷ್ಟು ಹೊತ್ತಿಗೆ ತಲುಪಬೇಕು’ ಎಂಬ ಆಯ್ಕೆಯನ್ನೂ ಮೊದಲ ಪುಟದಲ್ಲಿಯೇ ಇಡಬೇಕೆಂದು ನಾವು ಹೇಳುವುದು ಈ ಕಾರಣದಿಂದ.

ಮಳೆಗಾಲದ ಮಾತು ಬೇರೆಯೇ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋದಾಗ ಮಂಗಳೂರಿನ ಕಡೆಯ ನೇರ ಸಂಚಾರ ವಾರಗಟ್ಟಲೆ ನಿಂತಿತು. ಅಂಥ ದಿನಗಳಲ್ಲಿ ಅಚ್ಚಾದ ವೇಳಾಪಟ್ಟಿಗೆ ಅರ್ಥವಿಲ್ಲ. ಇಂತಿಂಥ ದಿನ ಈ ಬಸ್ಸಿಲ್ಲವೆಂದು ಬರೆಯುವ ಅಂಕಣ ಜಿ.ಟಿ.ಎಫ್.ಎಸ್.ನಲ್ಲಿದೆ, ಇಂಥ ಮಾರ್ಗವನ್ನು ಬಿಟ್ಟು ಹುಡುಕೆಂದು ಹೇಳುವ ಷರತ್ತೂ ತಂತ್ರಾಂಶಗಳಲ್ಲುಂಟು. ಬರೆಯುವ ಕೈ ಮಾತ್ರ ಅದೇ ದಿನ ಬರೆಯಬೇಕು.

ಇಷ್ಟೊಂದು ಷರತ್ತುಗಳನ್ನು ಮುಂದಿಟ್ಟರೆ ಸಾಮಾನ್ಯರಿಗೆ ಗಲಿಬಿಲಿಯಾಗದೇ ಎಂದು ತಂತ್ರಾಂಶ ರಚಿಸುವವರು ಕೇಳುವುದುಂಟು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಇಪ್ಪತ್ತು ಗುಂಡಿಗಳಿರುವ ಪರದೆಯನ್ನು ನೋಡಿ ಅಜ್ಜ ಫೋನನ್ನು ಕೆಳಗಿಟ್ಟಾನು. ಆದರೆ ಷರತ್ತುಗಳನ್ನು ಬಚ್ಚಿಟ್ಟ ಮಾತ್ರಕ್ಕೆ ಅವು ಇಲ್ಲವಾಗುವುದಿಲ್ಲ. ಬೇರೊಬ್ಬರು ನಮ್ಮ ಪರವಾಗಿ ಆರಿಸಿರುತ್ತಾರೆ, ಅಷ್ಟೆ. ನಡಿಗೆಯ ದೂರ, ಬದಲಾವಣೆಯ ಅಂತರ, ಹುಡುಕುವ ಅವಧಿ, ಈ ಮೂರು ಕಣ್ಣಿಗೆ ಬಿದ್ದರೆ ಸಾಕು. ಆ ಮೂರರ ಆರಂಭದ ಅಂಕಿಗಳೂ ಇಡೀ ಲೋಕಕ್ಕೆ ಒಂದೇ ಆಗಿರಬೇಕಾದುದಿಲ್ಲ. ಹುಡುಕುವವರು ನಿಂತ ಸ್ಥಳ ಯಂತ್ರಕ್ಕೆ ಗೊತ್ತು. ಅಲ್ಲಿ ದಿನಕ್ಕೆ ನಾಲ್ಕು ಬಸ್ಸೋ ನಾಲ್ಕು ನೂರೋ ಎಂಬುದೂ ಗೊತ್ತು.

ಮಿತಿಗಳನ್ನು ಎಷ್ಟು ಸಡಿಲಿಸಿದರೂ ಪಟ್ಟಿಯಲ್ಲಿ ಇಲ್ಲದ ಬಸ್ಸು ಉತ್ತರದಲ್ಲಿ ಬಾರದು. ದೆಹಲಿಯ ಬಸ್ಸುಗಳ ಹಾಗೂ ಕೊಚ್ಚಿಯ ಮೆಟ್ರೋ ರೈಲಿನ ವೇಳಾಪಟ್ಟಿಗಳು 2018ರಲ್ಲಿಯೇ ಎಲ್ಲರಿಗೂ ದೊರೆಯುವಂತೆ ತೆರೆದವು. ಕೊಡಗಿಗೆ ಬೇಕಾದುದು ಅದಕ್ಕಿಂತ ಚಿಕ್ಕ ಕೆಲಸ. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಮಾರ್ಗದ ಬಸ್ಸಿಗೆ ಪರ್ಮಿಟ್ ಕೇಳುವ ಖಾಸಗಿ ಮಾಲಿಕರು ತಮ್ಮ ದಾರಿಯನ್ನೂ ವೇಳಾಪಟ್ಟಿಯನ್ನೂ ಸಾರಿಗೆ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಎಂದರೆ ಗುಡ್ಡದಂಚಿನ ಹಳ್ಳಿಗೆ ಹೋಗುವ ಬಸ್ಸಿನ ವೇಳೆಯೂ ಸರ್ಕಾರಿ ಕಾಗದದಲ್ಲಿ ಬರೆದಿಟ್ಟದ್ದೇ. ಅದನ್ನು ಸಾಲು ಸಾಲಾಗಿ ಗಣಕಕ್ಕೆ ಇಳಿಸಿ ಸಾರ್ವಜನಿಕರಿಗೆ ತೆರೆದಿಡಬೇಕು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ತಮ್ಮ ತಮ್ಮ ಊರಿನ ಬಸ್ಸು ನಿಜವಾಗಿ ನಿಲ್ಲುವ ಗೇಟುಗಳನ್ನೂ ತಿರುವುಗಳನ್ನೂ ಗುರುತಿಸಿ ಅದಕ್ಕೆ ಸೇರಿಸಿಕೊಟ್ಟಾರು.