ಸಂಘದ ದುಡ್ಡು ಯಾರ ಖಾತೆಯಲ್ಲಿ?

ಹೊರನಾಡಿನ ಎಷ್ಟೋ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ವಂತಿಗೆ ಹೋಗುವುದು ಖಜಾಂಚಿಯ ಸ್ವಂತ ಯುಪಿಐಗೆ. ಅವರು ಪ್ರಾಮಾಣಿಕರೇ. ಆದರೆ ಅವರಿಗೇನಾದರೂ ಆದರೆ ಬ್ಯಾಂಕ್ ಆ ಹಣವನ್ನು ಅವರ ನಾಮಿನಿಗೆ ಕೊಡುತ್ತದೆ, ಸಂಘಕ್ಕಲ್ಲ. ಆದಾಯ ತೆರಿಗೆಯವರು ಕೇಳಿದರೂ ಲೆಕ್ಕ ಒಪ್ಪಿಸಬೇಕಾದವರು ಅವರೇ.

ಹಾಗಾಗಿ ಸಂಘದ ಹೆಸರಿನಲ್ಲೇ ಖಾತೆ ಬೇಕು. 1860ರ ಸಂಘಗಳ ನೋಂದಣಿ ಕಾಯ್ದೆ ಅಥವಾ ಅದಕ್ಕೆ ಸಮಾನವಾದ ರಾಜ್ಯದ ಕಾಯ್ದೆಯಡಿ ನೋಂದಣಿಯಾಗಿದ್ದರೆ ಉಳಿತಾಯ ಖಾತೆ ತೆರೆಯಬಹುದು. ಇಲ್ಲದಿದ್ದರೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ಚಾಲ್ತಿ ಖಾತೆ. ನೋಂದಣಿ ಪತ್ರ, ಬೈಲಾ, ಸಂಘದ ಪ್ಯಾನ್, ಸಮಿತಿಯ ಠರಾವು, ಸಹಿ ಹಾಕುವವರ ಕೆವೈಸಿ ಸಿದ್ಧವಿರಲಿ.

ಬ್ಯಾಂಕ್ ಆರಿಸುವಾಗ ನಾನು ಬಡ್ಡಿಗಿಂತ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿದ ಮೇಲಷ್ಟೇ ಆನ್‌ಲೈನಿನಲ್ಲಿ ಹಣ ಹೋಗುವ ವ್ಯವಸ್ಥೆ ಇದೆಯೇ? ಒಬ್ಬ ಬರೆದ ಕೋಡನ್ನು ಇನ್ನೊಬ್ಬ ನೋಡದೆ ಮುಂದೆ ಬಿಡದ ಐಟಿಯವರಿಗೆ ಇದು ಹೊಸದಲ್ಲ. ಎರಡನೆಯದು, ಸಹಿದಾರರನ್ನು ಬದಲಿಸುವುದು ಎಷ್ಟು ಸುಲಭ? ಇವತ್ತು ಪುಣೆಯಲ್ಲಿರುವ ನಮ್ಮ ಕಾರ್ಯದರ್ಶಿ ಬರುವ ವರ್ಷ ಹೈದರಾಬಾದಿನಲ್ಲಿರಬಹುದು. ಮೂವರು ಸಹಿದಾರರಿದ್ದು, ಅವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂದು ಠರಾವಿನಲ್ಲೇ ಬರೆಸಿ. ಒಬ್ಬರು ಊರು ಬಿಟ್ಟರೂ ಹಾಲ್‌ನ ಬಾಡಿಗೆ ನಿಲ್ಲುವುದಿಲ್ಲ.

ಈ ನವೆಂಬರಿನ ವಂತಿಗೆ ಸಂಘದ ಖಾತೆಗೇ ಬರಲಿ; ಖಜಾಂಚಿಯವರೂ ನೆಮ್ಮದಿಯಾಗಿ ನಿದ್ದೆ ಮಾಡಲಿ.