ಹಿಂದಿರುಗದ ಡಬ್ಬಿಗಳು

ಕಂಪ್ಯೂಟರ್ ನಿಧಾನವಾಯಿತು ಎಂದವರಿಗೆ ಯಾವ ಊರಿನಲ್ಲಾದರೂ ಸಿಗುವ ಮೊದಲ ಉತ್ತರ ಒಂದೇ: 'ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.' ಉತ್ತರ ಸುಳ್ಳಲ್ಲ. ರೀಸ್ಟಾರ್ಟ್ ಮಾಡಿದರೆ ಬಹುತೇಕ ಸಲ ಸರಿಹೋಗುತ್ತದೆ. ಸರಿಹೋಗುವುದರಿಂದಲೇ ಮುಂದಿನ ಪ್ರಶ್ನೆ ಏಳುವುದಿಲ್ಲ. ಏನಾಗಿತ್ತು, ಯಾವ ಪ್ರೋಗ್ರಾಮು ಏನನ್ನು ನುಂಗಿತ್ತು ಎಂಬುದರ ಸಾಕ್ಷ್ಯವೆಲ್ಲ ಆ ಒಂದು ಗುಂಡಿ ಒತ್ತಿದ ಕೂಡಲೇ ಅಳಿಸಿಹೋಗಿರುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಒರೆಸಿಟ್ಟ ಹಾಗೆ.

ಹೀಗೆ ಅಳಿಸಿಹೋಗುವ ತಪ್ಪುಗಳಲ್ಲಿ ಮೆಮೊರಿ ಸೋರಿಕೆ ಮುಖ್ಯವಾದದ್ದು. ಹೆಸರು ಕೇಳಿದರೆ ಏನೋ ಹೊರಗೆ ಹರಿದುಹೋಗುತ್ತಿದೆ ಅನ್ನಿಸುತ್ತದೆ. ನಡೆಯುವುದು ಅದಕ್ಕೆ ತಿರುಗುಮುರುಗು. ಪ್ರೋಗ್ರಾಮು ಕೆಲಸಕ್ಕೆಂದು ಮೆಮೊರಿಯ ಒಂದು ತುಂಡನ್ನು ಕೇಳಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸಲು ಮರೆಯುತ್ತದೆ. ಮುಂಬೈಯವರಿಗೆ ಇದನ್ನು ಅರ್ಥಮಾಡಿಸಲು ಡಬ್ಬಾವಾಲಾಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೆಳಿಗ್ಗೆ ಬೊರಿವಲಿಯ ಮನೆಗಳಿಂದ ಹೊರಟ ಊಟದ ಡಬ್ಬಿ ಚರ್ಚ್‌ಗೇಟ್ ಕಡೆಯ ಲೋಕಲ್ ಹತ್ತಿ, ಕಚೇರಿಯ ಮೇಜು ಸೇರಿ, ಸಂಜೆಯೊಳಗೆ ಖಾಲಿಯಾಗಿ ಅದೇ ಮನೆಗೆ ವಾಪಸಾಗುತ್ತದೆ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿಗಳು ಅದರ ವಿಳಾಸ. 1890ರ ಸುಮಾರಿಗೆ ಶುರುವಾದ ಈ ವ್ಯವಸ್ಥೆಯನ್ನು ಹೊಗಳುವವರೆಲ್ಲ ಊಟ ಸರಿಯಾದ ಜಾಗಕ್ಕೆ ತಲುಪುವುದನ್ನು ಹೊಗಳುತ್ತಾರೆ. ಅದರ ಅರ್ಧ ಕೆಲಸ ಖಾಲಿ ಡಬ್ಬಿಯನ್ನು ಮರಳಿಸುವುದರಲ್ಲಿದೆ. ಡಬ್ಬಿ ಮರಳದಿದ್ದರೆ ನಾಳೆಯ ಊಟಕ್ಕೆ ಹೊಸ ಡಬ್ಬಿ ಬೇಕು, ನಾಡಿದ್ದಕ್ಕೆ ಇನ್ನೊಂದು. ಒಂದು ತಿಂಗಳಲ್ಲಿ ಕಚೇರಿಯ ತುಂಬ ಖಾಲಿ ಡಬ್ಬಿಗಳು, ಮನೆಯಲ್ಲಿ ಒಂದೂ ಇಲ್ಲ.

ಇದು ಬರೀ ಬೇಸರದ ಮಾತಾಗಿ ಉಳಿಯದ ಸಂದರ್ಭಗಳಿವೆ. 1992ರ ನವೆಂಬರ್ 4ರ ಬೆಳಗಿನ ಜಾವ ಲಂಡನ್ ಆಂಬುಲೆನ್ಸ್ ಸೇವೆಯ ಹೊಸ ಕಂಪ್ಯೂಟರ್ ವ್ಯವಸ್ಥೆ ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ವಿಚಾರಣಾ ವರದಿ ಗುರುತಿಸಿದ ಕಾರಣ ತೀರ ಸಣ್ಣದು. ಆಂಬುಲೆನ್ಸ್ ಒಂದನ್ನು ಕಳಿಸಿದಾಗಲೆಲ್ಲ ಸರ್ವರ್‌ನ ಸ್ವಲ್ಪ ಮೆಮೊರಿಯನ್ನು ಹಿಡಿದು, ಬಿಡದೆ ಉಳಿಸಿಕೊಳ್ಳುವ ಒಂದು ಕೋಡಿನ ತುಣುಕು ವ್ಯವಸ್ಥೆಯೊಳಗೆ ಉಳಿದುಬಿಟ್ಟಿತ್ತು. ಸುಮಾರು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮೆಮೊರಿಯೆಲ್ಲ ಮುಗಿಯಿತು. ಆ ಮೂರು ವಾರಗಳಲ್ಲಿ ಯಾವುದೋ ಒಂದು ದಿನ ಪರೀಕ್ಷೆ ಮಾಡಿದ್ದರೂ ಈ ತಪ್ಪು ಕಣ್ಣಿಗೆ ಬೀಳುವುದು ಕಷ್ಟವಿತ್ತು. ಸೋರಿಕೆಯ ಸ್ವಭಾವವೇ ಹಾಗೆ, ಒಂದು ದಿನದ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ.

ಆಂಬುಲೆನ್ಸಿನಷ್ಟು ದೊಡ್ಡ ಸಂಗತಿಯಿಂದ ಮೇಜಿನ ಮೇಲಿನ ಕಂಪ್ಯೂಟರಿಗೆ ಬರೋಣ. ಅಲ್ಲಿ ಸೋರಿಕೆಗೆ ಹೇಳಿಮಾಡಿಸಿದ ಜಾಗ ಯಾವುದು? ಬ್ರೌಸರ್ ಎಂದು ಎಲ್ಲರೂ ಬೆರಳು ತೋರಿಸುತ್ತಾರೆ. ಬ್ರೌಸರನ್ನು ಮುಚ್ಚುತ್ತೇವೆ, ತೆರೆಯುತ್ತೇವೆ. ಮುಚ್ಚಿದೊಡನೆ ಅದು ಹಿಡಿದಿದ್ದೆಲ್ಲ ವಾಪಸು. ಯಾರೂ ಮುಚ್ಚದ, ಇದೆಯೆಂದೂ ಅನೇಕರಿಗೆ ಗೊತ್ತಿರದ ಪ್ರೋಗ್ರಾಮು ಬೇರೆಯೇ ಇದೆ: ವಿದ್ಯುತ್ ನಿರ್ವಹಣೆಯ ತಂತ್ರಾಂಶ. ಬ್ಯಾಟರಿ ಎಷ್ಟಿದೆ, ಕರೆಂಟ್ ಇದೆಯೇ ಹೋಯಿತೇ, ಪರದೆಯ ಬೆಳಕನ್ನು ಯಾವಾಗ ತಗ್ಗಿಸಬೇಕು, ಯಾವಾಗ ಮಲಗಿಸಬೇಕು ಎಂದು ಸದ್ದಿಲ್ಲದೆ ನೋಡಿಕೊಳ್ಳುವ ಕಾವಲುಗಾರ ಅದು. ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಈ ಕೆಲಸಕ್ಕೆ ರಿಚರ್ಡ್ ಹ್ಯೂಸ್ ಬರೆದ ಗ್ನೋಮ್ ಪವರ್ ಮ್ಯಾನೇಜರ್ 2006ರ ಗ್ನೋಮ್ 2.16 ಆವೃತ್ತಿಯೊಂದಿಗೆ ಬಂತು. ಸಾಧನಗಳನ್ನು ವಿಚಾರಿಸುವ ಭಾಗ ಮುಂದೆ ಯುಪವರ್ ಎಂಬ ಹೆಸರಿನಲ್ಲಿ ಬೇರೆಯಾಯಿತು. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಇದ್ದರೆ, ಡೆಸ್ಕ್‌ಟಾಪಿನಲ್ಲೂ ಅದನ್ನು ಒಂದು ಬ್ಯಾಟರಿಯ ಹಾಗೆಯೇ ಇದು ಗಮನಿಸುತ್ತದೆ.

ಈಗ ಬೊರಿವಲಿ ಪಶ್ಚಿಮದ ಎಸ್.ವಿ. ರೋಡಿನ ಹಳೆಯ ಕಟ್ಟಡವೊಂದರಲ್ಲಿ ಲೆಕ್ಕಪತ್ರದ ಸಣ್ಣ ಕಚೇರಿಯೊಂದನ್ನು ಕಲ್ಪಿಸಿಕೊಳ್ಳಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ, 4 ಜಿಬಿ ಮೆಮೊರಿಯ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತ ಮೇಲೆ ಯಾರೋ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದಾರೆ. ಪಕ್ಕದಲ್ಲಿ ಯುಪಿಎಸ್, ಕೇಬಲ್ ಚುಚ್ಚಿದೆ. ಅರ್ಧ ನಿಮಿಷಕ್ಕೊಮ್ಮೆ ಕಾವಲುಗಾರ ಯುಪಿಎಸ್‌ನ ಸ್ಥಿತಿ ಕೇಳುತ್ತಾನೆ ಎಂದಿಟ್ಟುಕೊಂಡರೆ ದಿನಕ್ಕೆ 2,880 ಸಲ. ಪ್ರತಿ ಸಲ 4 ಕೆಬಿ ಮರಳಿಸಲು ಮರೆತರೆ ದಿನಕ್ಕೆ ಸುಮಾರು 11 ಎಂಬಿ. ಯಾರಿಗೂ ಕಾಣದು. ತಿಂಗಳಿಗೆ 330 ದಾಟುತ್ತದೆ. ಮೂರು ತಿಂಗಳಿಗೆ ಹತ್ತಿರಹತ್ತಿರ ಒಂದು ಜಿಬಿ, ಅಂದರೆ ಆ ಯಂತ್ರದ ಕಾಲು ಭಾಗ.

ಮೂರು ತಿಂಗಳು ಯಾರು ಆಫ್ ಮಾಡದೆ ಇಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಂಚ ತಮಾಷೆಯಾಗಿದೆ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಲೋಡ್‌ಶೆಡ್ಡಿಂಗೇ ವಾರಕ್ಕೆ ನಾಲ್ಕು ಸಲ ರೀಸ್ಟಾರ್ಟ್ ಮಾಡಿಕೊಡುತ್ತದೆ. ಸೋರಿಕೆ ತಲೆಯೆತ್ತುವಷ್ಟು ಹೊತ್ತು ಯಂತ್ರ ಬದುಕಿರುವುದೇ ಇಲ್ಲ. ಮುಂಬೈಯಲ್ಲಿ ಕರೆಂಟ್ ಹೋದರೆ ಅದು ದೇಶಕ್ಕೆಲ್ಲ ಸುದ್ದಿ, 2020ರ ಅಕ್ಟೋಬರ್ 12ರಂದು ಆದ ಹಾಗೆ. ಆದ್ದರಿಂದ ಬೊರಿವಲಿಯ ಯಂತ್ರ ಬೀಳುವುದಿಲ್ಲ. ಜೊತೆಗೆ, ಸಂಜೆ ಮನೆಗೆ ಹೊರಡುವವರು ಅದನ್ನು ಶಟ್‌ಡೌನ್ ಮಾಡದೆ ಸಸ್ಪೆಂಡ್ ಮಾಡುತ್ತಾರೆ. ವಿದ್ಯುತ್ ಉಳಿಸಲು ಅದೇ ಸುಲಭದ ದಾರಿಯೆಂದು ಹೇಳಿಕೊಟ್ಟದ್ದೂ ಇದೇ ತಂತ್ರಾಂಶ. ಸಸ್ಪೆಂಡ್ ಆದಾಗ ಮೆಮೊರಿಯಲ್ಲಿದ್ದದ್ದು ಇದ್ದಂತೆಯೇ ಉಳಿಯುತ್ತದೆ, ಮರಳದ ಡಬ್ಬಿಗಳೂ ಸೇರಿ. ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಬಳಕೆದಾರನಿಗೇ ಸೋರಿಕೆಯ ಪೂರ್ತಿ ಬಿಲ್ಲು ಬರುತ್ತದೆ.

ಬಿಲ್ಲಿನಲ್ಲಿ ಇನ್ನೂ ಒಂದೆರಡು ಬಾಬ್ತುಗಳಿವೆ. ಹೈಬರ್ನೇಟ್ ಮಾಡಿದರೆ ಮೆಮೊರಿಯ ಚಿತ್ರವನ್ನು ಡಿಸ್ಕಿಗೆ ಬರೆಯಬೇಕು. ಸೋರಿಹೋದ ಭಾಗವೂ ಬಳಕೆಯಲ್ಲಿದೆಯೆಂದೇ ಲೆಕ್ಕ, ಅದನ್ನೂ ಬರೆಯಬೇಕು, ಜಾಗ ಸಾಲದಿದ್ದರೆ ಹೈಬರ್ನೇಟ್ ಆಗುವುದೇ ಇಲ್ಲ. ಮೆಮೊರಿ ಬಿಗಿಯಾದಂತೆ ಯಂತ್ರ ಡಿಸ್ಕಿಗೂ ಮೆಮೊರಿಗೂ ನಡುವೆ ಓಡಾಡತೊಡಗುತ್ತದೆ. ವಿದ್ಯುತ್ ಉಳಿಸಬೇಕಾದವನೇ ವಿದ್ಯುತ್ ತಿನ್ನುವುದೆಂದರೆ ಇದು. ಕೊನೆಗೆ ಏನೂ ಉಳಿಯದಾದಾಗ ಲಿನಕ್ಸ್ ಯಾರನ್ನಾದರೂ ಕೊಂದು ಜಾಗ ಮಾಡಿಕೊಳ್ಳುತ್ತದೆ. ಆಗ ಅದು ಮುಖ್ಯವಾಗಿ ನೋಡುವುದು ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೆ ಎಂಬುದನ್ನು. ಸೋರಿದವನ ಬಳಿ ಒಂದು ಜಿಬಿ, ಜಿಎಸ್‌ಟಿ ರಿಟರ್ನ್ ತುಂಬುತ್ತಿದ್ದ ಬ್ರೌಸರ್ ಬಳಿ ಒಂದೂವರೆ. ಸಾಯುವುದು ಬ್ರೌಸರ್. ತುಂಬಿದ್ದ ಅಂಕಿಗಳೆಲ್ಲ ಹೋದವು ಎಂದು ಕೂತವರು ಬ್ರೌಸರನ್ನೇ ಬೈಯುತ್ತಾರೆ, ಆಮೇಲೆ ರೀಸ್ಟಾರ್ಟ್ ಮಾಡುತ್ತಾರೆ.

ಹಾಗಾದರೆ ಅಪರಾಧಿಯನ್ನು ಹಿಡಿಯುವುದು ಹೇಗೆ? ಮೊದಲ ಹೆಜ್ಜೆಗೆ ಯಾವ ವಿದ್ಯೆಯೂ ಬೇಡ, ತಾಳ್ಮೆ ಸಾಕು. ದಿನಕ್ಕೆ ಎರಡು ಸಲ ಸಿಸ್ಟಮ್ ಮಾನಿಟರ್ ತೆರೆದು ಆ ಪ್ರೋಗ್ರಾಮು ನಿಜವಾಗಿ ಹಿಡಿದಿರುವ ಮೆಮೊರಿಯನ್ನು ಬರೆದಿಡುವುದು. ವರ್ಚುಯಲ್ ಎಂಬ ಅಂಕಣದ ದೊಡ್ಡ ಅಂಕಿಯನ್ನು ನೋಡಿ ಹೌಹಾರುವವರು ಬಹಳ. ಅದು ಕೇಳಿಟ್ಟ ಜಾಗ, ಬಳಸಿದ ಜಾಗವಲ್ಲ. ಬೆಳೆದದ್ದೆಲ್ಲ ಸೋರಿಕೆಯೂ ಅಲ್ಲ. ಎಷ್ಟೋ ಪ್ರೋಗ್ರಾಮುಗಳು ಮುಂದೆ ಬೇಕಾದೀತೆಂದು ಸ್ವಲ್ಪ ಇಟ್ಟುಕೊಳ್ಳುತ್ತವೆ. ಬಿಟ್ಟುಕೊಟ್ಟ ತುಂಡನ್ನು ಲೈಬ್ರರಿಯೇ ತನ್ನ ಬಳಿ ಇರಿಸಿಕೊಂಡು ಕರ್ನಲ್‌ಗೆ ಮರಳಿಸದಿರುವುದೂ ಉಂಟು. ಇಂಥ ಬೆಳವಣಿಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸೋರಿಕೆ ನಿಲ್ಲುವುದಿಲ್ಲ. ಎರಡು ವಾರದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದರೆ ವ್ಯತ್ಯಾಸ ಹೈಸ್ಕೂಲು ಹುಡುಗನಿಗೂ ಕಾಣುತ್ತದೆ.

ಎರಡನೆಯ ಹೆಜ್ಜೆ, ಒಂದೊಂದೇ ಶಂಕಿತನನ್ನು ಹೊರಗೆ ಕಳಿಸುವುದು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಕಿತ್ತು ಎರಡು ದಿನ ನೋಡಿ. ಗೆರೆ ಮಲಗಿದರೆ, ಮತ್ತೆ ಚುಚ್ಚಿದಾಗ ಎದ್ದರೆ, ಅರ್ಧ ಪತ್ತೇದಾರಿ ಮುಗಿಯಿತು. ಗೆರೆ ಮಲಗದಿದ್ದರೆ ಪರದೆ ಮಬ್ಬಾಗುವುದನ್ನು ನಿಲ್ಲಿಸಿ ನೋಡಬೇಕು, ಸಸ್ಪೆಂಡ್ ಮಾಡದೆ ನೋಡಬೇಕು. ಒಂದೇ ದಿನ ನಾಲ್ಕನ್ನು ಬದಲಿಸುವವರು ನಾಲ್ಕು ವಾರವಾದರೂ ಎಲ್ಲೂ ತಲುಪುವುದಿಲ್ಲ.

ಇಲ್ಲಿಂದ ಮುಂದಿನದು ಕೋಡು ಬಲ್ಲವರ ಕೆಲಸ. ಅವರ ಕೈಯಲ್ಲಿರುವ ಹಳೆಯ, ಇಂದಿಗೂ ಒಳ್ಳೆಯ ಉಪಕರಣ ವ್ಯಾಲ್‌ಗ್ರೈಂಡ್. ಬಿಜಿಪ್2 ಬರೆದ ಜೂಲಿಯನ್ ಸೀವರ್ಡ್ ಅವರೇ 2002ರಲ್ಲಿ ಇದನ್ನೂ ಹೊರತಂದರು. ಪ್ರೋಗ್ರಾಮನ್ನು ತನ್ನ ಮಡಿಲಲ್ಲಿ ಕೂರಿಸಿಕೊಂಡು ಹತ್ತಿಪ್ಪತ್ತು ಪಟ್ಟು ನಿಧಾನವಾಗಿ ಓಡಿಸುತ್ತ, ಯಾವ ತುಂಡು ಯಾವ ಸಾಲಿನಲ್ಲಿ ಪಡೆದದ್ದು ಎಂದು ಲೆಕ್ಕವಿಡುತ್ತದೆ. ಮೂರು ತಿಂಗಳು ಕಾಯಬೇಕಾಗಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಆಗುವ ವಿಚಾರಣೆಯನ್ನು ಒಂದೇ ಸಮನೆ ಸಾವಿರ ಸಲ ಮಾಡಿಸಿದರೆ, ಕಳೆದ ತುಂಡುಗಳ ಸಂಖ್ಯೆಯೂ ಸಾವಿರದ ಆಸುಪಾಸಿಗೆ ಬಂದು ತನ್ನನ್ನು ತಾನೇ ತೋರಿಸಿಕೊಡುತ್ತದೆ. ವ್ಯಾಲ್‌ಗ್ರೈಂಡ್ ಮಾಡುವ ಒಂದು ಭೇದ ಬಹಳ ಮುಖ್ಯ. ಮುಚ್ಚಳದ ಮೇಲಿನ ಗುರುತು ಅಳಿಸಿಹೋಗಿ ಯಾರದೆಂದು ಯಾರಿಗೂ ಗೊತ್ತಿಲ್ಲದ ಡಬ್ಬಿ ಒಂದು ಬಗೆ, ಅದು ಖಚಿತವಾಗಿ ಕಳೆದದ್ದು. ಹೆಸರು ಸ್ಪಷ್ಟವಾಗಿದ್ದೂ ಕಚೇರಿಯ ಶೆಲ್ಫಿನಲ್ಲಿ ಸುಮ್ಮನೆ ಕೂತ ಡಬ್ಬಿ ಇನ್ನೊಂದು ಬಗೆ, ಅದು ಇನ್ನೂ ಕೈಗೆಟುಕುತ್ತದೆ. ಮೊದಲನೆಯದನ್ನು ಮಾತ್ರ ಹುಡುಕುವವರಿಗೆ, ಯುಪಿಎಸ್‌ನ ಹಳೆಯ ಸ್ಥಿತಿಗಳನ್ನೆಲ್ಲ ಪಟ್ಟಿಗೆ ಸೇರಿಸುತ್ತಲೇ ಹೋಗಿ ಎಂದೂ ಕತ್ತರಿಸದ ಪ್ರೋಗ್ರಾಮು ನಿರಪರಾಧಿಯಾಗಿ ಕಾಣುತ್ತದೆ. ಬಳಕೆದಾರನ ಜೇಬಿಗೆ ಎರಡೂ ಒಂದೇ.

ಉಪಕರಣದ ಮಿತಿ ಇನ್ನೊಂದಿದೆ, ಹೊಸಬರು ಎಡವುವುದು ಅಲ್ಲೇ. ಅದು ಡಬ್ಬಿಯನ್ನು ಒಯ್ದವರು ಯಾರು ಎಂದು ಹೇಳುತ್ತದೆ. ಮರಳಿಸಬೇಕಾದವರು ಯಾರು ಎಂದು ಹೇಳುವುದಿಲ್ಲ. ಗ್ನೋಮ್ ಬಗೆಯ ಕೋಡಿನಲ್ಲಿ ಕೆಲವು ಕಾರ್ಯಗಳು ಪದವೊಂದನ್ನು ಕೊಟ್ಟಾಗ ಅದರ ಪ್ರತಿಯನ್ನು ಕೊಡುತ್ತವೆ, ಪಡೆದವನೇ ಬಿಡುಗಡೆ ಮಾಡಬೇಕು. ಇನ್ನು ಕೆಲವು ಮೂಲವನ್ನೇ ತೋರಿಸುತ್ತವೆ, ಮುಟ್ಟಬಾರದು. ಹೊರಗಿನಿಂದ ಎರಡೂ ಒಂದೇ ಥರ. ಎಲ್ಲ ಸರಿಯಿದ್ದಾಗ ಬಿಡುಗಡೆ ಮಾಡಿ, ಸಾಧನ ಉತ್ತರ ಕೊಡದೆ ತಪ್ಪು ಸಂಭವಿಸಿದಾಗ ಬೇಗ ಹೊರಬೀಳುವ ದಾರಿಯಲ್ಲಿ ಮರೆಯುವುದು ಈ ಕಸುಬಿನ ಹಳೆಯ ಕತೆ. ತಪ್ಪಿನ ದಾರಿಯಲ್ಲಿ ಪರೀಕ್ಷಕರು ನಡೆಯುವುದು ಅಪರೂಪ. ಸಡಿಲ ಕೇಬಲಿನ ಯುಪಿಎಸ್ ಇರುವ ಕಚೇರಿ ದಿನವಿಡೀ ಅದೇ ದಾರಿಯಲ್ಲಿ ನಡೆಯುತ್ತದೆ. ಗಾಬರಿಯಿಂದ ಎಲ್ಲ ಕಡೆ ಬಿಡುಗಡೆಯ ಸಾಲು ಸೇರಿಸಿದರೆ ಇನ್ನೂ ಅಪಾಯ: ಬೇರೆಯವರು ಉಣ್ಣುತ್ತಿರುವ ಡಬ್ಬಿಯನ್ನೇ ಕಿತ್ತುಕೊಂಡಂತಾಗಿ ಪ್ರೋಗ್ರಾಮು ಬಿದ್ದೇಹೋಗುತ್ತದೆ.

ಮೆಮೊರಿಯನ್ನು ತಾನಾಗಿಯೇ ಗುಡಿಸುವ ಭಾಷೆಗಳು ಬಂದಿವೆ, ಇದೆಲ್ಲ ಹಳೆಯ ಗೋಳು ಎನ್ನುವವರಿಗೆ 2018ರ ಗ್ನೋಮ್ ಶೆಲ್ ಪ್ರಕರಣ ಸಾಕು. ಗುಡಿಸುವ ಯಂತ್ರ ಅಲ್ಲಿ ಇತ್ತು. ಆದರೂ ಮೆಮೊರಿ ಏರುತ್ತಲೇ ಇತ್ತು. ಜಾರ್ಜಸ್ ಸ್ತಾವ್ರಾಕಾಸ್ ಹುಡುಕಿ ತೋರಿಸಿದ್ದು, ಒಂದಕ್ಕೊಂದು ಅಂಟಿಕೊಂಡ ವಸ್ತುಗಳ ಗೊಂಚಲು ಒಂದೇ ಸಲಕ್ಕೆ ಹೋಗದೆ ಪದರ ಪದರವಾಗಿ, ಹಲವು ಸುತ್ತು ಗುಡಿಸಿದ ಮೇಲಷ್ಟೇ ಖಾಲಿಯಾಗುತ್ತಿತ್ತು ಎಂಬುದನ್ನು. ಕಳೆದಿರಲಿಲ್ಲ, ತಡವಾಗುತ್ತಿತ್ತು.

ರೀಸ್ಟಾರ್ಟಿನ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಅಪಾಚೆ ವೆಬ್ ಸರ್ವರ್‌ನಲ್ಲಿ ಇಷ್ಟು ಸಂಪರ್ಕಗಳಾದ ಮೇಲೆ ಈ ಪ್ರೊಸೆಸ್ ಸಾಯಲಿ, ಹೊಸದು ಹುಟ್ಟಲಿ ಎಂದು ಹೇಳುವ ಸೆಟ್ಟಿಂಗೇ ಇದೆ. ಆಕಸ್ಮಿಕ ಸೋರಿಕೆಗೆ ಮಿತಿ ಹಾಕಲು ಎಂದು ಅದರ ಕೈಪಿಡಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅದನ್ನು ಆಕ್ಷೇಪಿಸುವ ಅಗತ್ಯವಿಲ್ಲ. ಅಲ್ಲಿ ಸೋರಿಕೆಯನ್ನು ಒಪ್ಪಿಕೊಂಡು, ಅಳೆದು, ಅವಧಿಯನ್ನು ಬರೆದಿಟ್ಟಿದ್ದಾರೆ. ಕಚೇರಿಯ ರೀಸ್ಟಾರ್ಟಿನಲ್ಲಿ ಇರುವುದು ರೂಢಿ ಮಾತ್ರ.

ಆ ರೂಢಿಯ ನಷ್ಟ ಕಚೇರಿಗೆ ನಿಲ್ಲುವುದಿಲ್ಲ. ತಂತ್ರಾಂಶ ಬರೆಯುವವರ ಮೇಜಿನ ಮೇಲೆ 32 ಜಿಬಿಯ ಯಂತ್ರವಿರುತ್ತದೆ, ಹೊಸ ಆವೃತ್ತಿ ಪರೀಕ್ಷಿಸಲು ಅದನ್ನು ಆಗಾಗ ರೀಸ್ಟಾರ್ಟ್ ಮಾಡುತ್ತಲೇ ಇರುತ್ತಾರೆ. ಈ ಸೋರಿಕೆ ಅವರ ಕಣ್ಣಿಗೆ ಬೀಳುವುದು ಕಷ್ಟ. ಬೀಳುವುದು 4 ಜಿಬಿಯ ಹಳೆಯ ಯಂತ್ರವನ್ನು ವಾರಗಟ್ಟಲೆ ಓಡಿಸುವವರಿಗೆ, ಅಂದರೆ ಬೊರಿವಲಿ, ಹುಬ್ಬಳ್ಳಿ, ಸೊಲ್ಲಾಪುರದಂಥ ಕಡೆ ಕೂತವರಿಗೆ. ಸಾಕ್ಷ್ಯ ಅವರ ಬಳಿ ಇದೆ, ದೂರು ಕೊಡುವ ಅಭ್ಯಾಸ ಇಲ್ಲ. ಮೆಮೊರಿ ಅಗ್ಗವಾಗಿದೆ, ಇನ್ನೊಂದು 4 ಜಿಬಿ ಹಾಕಿಸಿ ಎಂಬ ಸಲಹೆ ಇವರಿಗೆ ಎರಡನೆಯ ರೀಸ್ಟಾರ್ಟ್ ಅಷ್ಟೇ: ಮೂರು ತಿಂಗಳ ಬದಲು ಇನ್ನೂ ಕೆಲವು ತಿಂಗಳು ಬಿಟ್ಟು ಅದೇ ಗತಿ.

ಇಂಗ್ಲಿಷ್ ಬಾರದು ಎಂಬ ಹಿಂಜರಿಕೆ ಅರ್ಥವಾಗುವಂಥದ್ದು. ಆದರೆ ಮೆಮೊರಿ ಸೋರಿಕೆಯ ದೂರಿನಲ್ಲಿ ಭಾಷೆಗಿರುವ ಪಾಲು ಅತಿ ಕಡಿಮೆ. 'ನಿಧಾನವಾಗಿದೆ, ದಯವಿಟ್ಟು ಸರಿಪಡಿಸಿ' ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದರೂ ಅದರಿಂದ ಯಾರೂ ಏನೂ ಮಾಡಲಾರರು. ಬೇಕಾದದ್ದು ತಂತ್ರಾಂಶದ ಆವೃತ್ತಿ, ಯುಪಿಎಸ್‌ನ ಮಾದರಿ, ಯಂತ್ರ ಎಷ್ಟು ದಿನದಿಂದ ಓಡುತ್ತಿದೆ, ದಿನಾಂಕದ ಮುಂದೆ ದಿನಾಂಕವಾಗಿ ಹದಿನಾಲ್ಕು ದಿನದ ಅಂಕಿಗಳು, ಕೇಬಲ್ ಕಿತ್ತ ದಿನ ಯಾವುದು, ಮತ್ತೆ ಚುಚ್ಚಿದ ದಿನ ಯಾವುದು. ಲೆಕ್ಕಪತ್ರದ ಕಚೇರಿಯಲ್ಲಿ ಅಂಥ ಎರಡು ಅಂಕಣದ ಪುಸ್ತಕ ಬರೆಯಬಲ್ಲವರಿಗೇನೂ ಕೊರತೆಯಿಲ್ಲ. ರೀಸ್ಟಾರ್ಟ್ ಮಾಡುವುದಿದ್ದರೂ ಆ ದಿನದ ಅಂಕಿಯನ್ನು ಬರೆದುಕೊಂಡ ಮೇಲೆ ಮಾಡಬಹುದು.