ಮೂರು ಮೀಟರಿನೊಳಗೊಂದು ಜೀಪು

ನೀಲಗಿರಿ, ವಯನಾಡಿನ ಕಾಡಂಚಿನಲ್ಲಿ ನೆಲೆಸಿರುವ ನಮ್ಮ ವಾಚಕರಿಗೆ ಜಿಪ್ಸಿ ವಾಹನವು ಅಪರಿಚಿತವೇನಲ್ಲ. ಅದರ ಮೂಲವನ್ನು ಅರಸಿ ಹೊರಟರೆ, ಜಪಾನಿನ ಪುಟ್ಟ ಸಂಸ್ಥೆಯೊಂದರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಜಪಾನಿನಲ್ಲಿ ‘ಕೇ’ ಎಂಬ ಲಘುವಾಹನಗಳ ವರ್ಗವೊಂದುಂಟು. ಅವಕ್ಕೆ ತೆರಿಗೆ ಕಡಿಮೆ. ಆದರೆ 1960ರ ದಶಕದ ನಿಯಮದಂತೆ ಉದ್ದ 3 ಮೀಟರನ್ನೂ ಎಂಜಿನ್ 360 ಸಿ.ಸಿ.ಯನ್ನೂ ಮೀರುವಂತಿರಲಿಲ್ಲ. ಈ ಇಕ್ಕಟ್ಟಿನೊಳಗೆ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಬಂಡಿಯೊಂದನ್ನು 1967ರಲ್ಲಿ ಹೋಪ್ ಎಂಬ ಸಂಸ್ಥೆ ನಿರ್ಮಿಸಿತು. ಎಂಜಿನ್ ಮಿತ್ಸುಬಿಷಿಯದು. ಬುದ್ಧಿಯಿತ್ತು, ಬಂಡವಾಳವಿರಲಿಲ್ಲ. ಬೆರಳೆಣಿಕೆಯ ಬಂಡಿಗಳು ಹೊರಬರುವಷ್ಟರಲ್ಲಿ ಕೈಸೋತ ಹೋಪ್, 1968ರಲ್ಲಿ ಅದರ ಹಕ್ಕನ್ನು ಸುಜುಕಿಗೆ ಮಾರಿತು. ಕೊಳ್ಳಲು ಮುಂದಾದವರು ಒಸಾಮು ಸುಜುಕಿ. ಆ ಮನೆತನಕ್ಕೆ ಅಳಿಯನಾಗಿ ಬಂದು, ಅದರ ಹೆಸರನ್ನೇ ಧರಿಸಿದ ಮಾಜಿ ಬ್ಯಾಂಕ್ ನೌಕರ. ಇಂಥ ಬಂಡಿಯನ್ನು ಕೊಳ್ಳುವವರಾರು ಎಂಬ ಶಂಕೆ ಸಂಸ್ಥೆಯೊಳಗೇ ಇತ್ತು.

ಸುಜುಕಿಯ ತಂತ್ರಜ್ಞರು ತಮ್ಮದೇ 359 ಸಿ.ಸಿ.ಯ, ಗಾಳಿಯಿಂದ ತಣಿಯುವ ಟೂ-ಸ್ಟ್ರೋಕ್ ಎಂಜಿನನ್ನು ಅಳವಡಿಸಿದರು. ಹೆಚ್ಚುವರಿ ಚಕ್ರವನ್ನು ಎಲ್ಲಿಡುವುದೆಂಬುದು ಮಾತ್ರ ಪೇಚಿನ ಪ್ರಶ್ನೆಯಾಯಿತು. ಎಲ್ಲ ಜೀಪುಗಳಂತೆ ಹಿಂಬದಿಗೆ ತೂಗುಹಾಕಿದರೆ ಉದ್ದವು 3 ಮೀಟರನ್ನು ದಾಟುತ್ತದೆ, ತೆರಿಗೆಯ ರಿಯಾಯಿತಿ ತಪ್ಪುತ್ತದೆ. ಕೊನೆಗೆ ಚಕ್ರವನ್ನು ಒಳಗೇ, ಹಿಂದಿನ ಒಂದು ಆಸನದ ಸ್ಥಳದಲ್ಲಿ ನಿಲ್ಲಿಸಿದರು. ಹೀಗೆ ಅದು ಮೂವರೇ ಕುಳಿತುಕೊಳ್ಳುವ ಜೀಪಾಯಿತು! ನಾಲ್ಕನೆಯವನ ಜಾಗವನ್ನು ಸುಂಕದವನು ಕಸಿದುಕೊಂಡನೆಂದರೂ ಸಲ್ಲುತ್ತದೆ. 1970ರ ಏಪ್ರಿಲ್‌ನಲ್ಲಿ ‘ಜಿಮ್ನಿ’ ಮಾರುಕಟ್ಟೆಗೆ ಬಂತು.

ಮುಂದಿನದು ಬೆಳವಣಿಗೆಯ ಕಥೆ. 1972ರಲ್ಲಿ ನೀರಿನಿಂದ ತಣಿಯುವ ಎಂಜಿನ್, 1977ರಲ್ಲಿ ಹೊರದೇಶಗಳಿಗಾಗಿ ನಾಲ್ಕು ಸಿಲಿಂಡರಿನದು, 1981ರಲ್ಲಿ ಹೊಸ ಒಡಲು. ಆ ಒಡಲನ್ನೇ ತುಸು ಉದ್ದಗೊಳಿಸಿ, 970 ಸಿ.ಸಿ. ಎಂಜಿನ್ನಿನೊಡನೆ ಮಾರುತಿ ಸಂಸ್ಥೆ 1985ರಲ್ಲಿ ನಮಗೆ ಕೊಟ್ಟದ್ದು ಜಿಪ್ಸಿ. ಸೈನ್ಯ, ಪೊಲೀಸು, ಅರಣ್ಯ ಇಲಾಖೆಗಳು ಅದನ್ನು ಅಪ್ಪಿಕೊಂಡವು. ಸಂಸಾರಸ್ಥರು ಅಷ್ಟಾಗಿ ಒಲಿಯಲಿಲ್ಲ. ಅದರ ಹಿಂಬದಿಯ ಬೆಂಚಿನಲ್ಲಿ ಕುಳಿತು ಘಟ್ಟವೇರಿದವರಿಗೆ ಕಾರಣ ಹೇಳಬೇಕಾಗಿಲ್ಲ.

2018ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಜಿಮ್ನಿಯೂ ಹಳೆಯ ಪದ್ಧತಿಯ ಏಣಿಯಂಥ ಚೌಕಟ್ಟನ್ನೂ ಇಡಿಯಾದ ಅಚ್ಚುಗಳನ್ನೂ ಬಿಟ್ಟುಕೊಟ್ಟಿಲ್ಲ. 2023ರಲ್ಲಿ ಅದಕ್ಕೆ ಐದು ಬಾಗಿಲಿನ ರೂಪವೊಂದು ಭಾರತದಲ್ಲಿ ಬಂತು. ಗುರುಗ್ರಾಮದಲ್ಲಿ ತಯಾರಾದ ಅದೇ ಬಂಡಿಯನ್ನು 2025ರ ಜನವರಿಯಲ್ಲಿ ಜಪಾನಿನಲ್ಲಿ ಪ್ರಕಟಿಸಿದಾಗ, ನಾಲ್ಕೇ ದಿನಗಳಲ್ಲಿ ಸುಮಾರು 50,000 ಬೇಡಿಕೆಗಳು ಬಂದು, ಮುಂಗಡ ಸ್ವೀಕಾರವನ್ನೇ ನಿಲ್ಲಿಸಬೇಕಾಯಿತು. ಒಸಾಮು ಅವರು ಅದನ್ನು ಕಾಣಲಿಲ್ಲ. 2024ರ ಡಿಸೆಂಬರ್ 25ರಂದು ತೀರಿಕೊಂಡಿದ್ದರು. ಹೋಪ್ ಸಂಸ್ಥೆಯಂತೂ ಕಾರು ತಯಾರಿಕೆಯನ್ನು ಎಂದೋ ಕೈಬಿಟ್ಟಿತ್ತು.